ಕಾಮಗಾರಿ ಮುಗಿದಿದೆ, ನೀರು ಬಂದಿಲ್ಲ

ಮಂಡಿಕಲ್ ಹೋಬಳಿಯ ಯಾವುದಾದರೂ ಒಂದು ಊರಲ್ಲಿ ಹತ್ತು ನಿಮಿಷ ನಡೆದು ನೋಡಿ. ಒಂದು ಕಡೆ ಓವರ್‌ಹೆಡ್ ಟ್ಯಾಂಕ್. ಸ್ವಲ್ಪ ಮುಂದೆ ಮಿನಿ ಟ್ಯಾಂಕ್, ಪಕ್ಕದಲ್ಲೇ ದನಗಳಿಗೆಂದು ಕಟ್ಟಿದ ತೊಟ್ಟಿ. ಶಾಲೆ ಹತ್ತಿರ ಶುದ್ಧ ಕುಡಿಯುವ ನೀರಿನ ಘಟಕ. ಮನೆ ಮುಂದೆ ಹೊಸ ನಲ್ಲಿ. ಊರಾಚೆ ಕೆರೆ, ಕೆರೆಗೆ ಬರುವ ಹಳ್ಳದಲ್ಲಿ ಚೆಕ್‌ಡ್ಯಾಂ, ಹೊಲದಲ್ಲಿ ಕೃಷಿ ಹೊಂಡ. ಬಹಳಷ್ಟಕ್ಕೆ ಒಂದೊಂದು ಬೋರ್ಡ್ ಇರುತ್ತದೆ: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮಾಡಿಸಿದ ಇಲಾಖೆ, ವರ್ಷ.

ಆ ಬೋರ್ಡುಗಳಲ್ಲಿ ಸುಳ್ಳೇನೂ ಇಲ್ಲ. ಟ್ಯಾಂಕ್ ಕಟ್ಟಿದ್ದು ನಿಜ, ಪೈಪ್ ಹೂತಿದ್ದು ನಿಜ, ಬಿಲ್ ಆಗಿದ್ದೂ ನಿಜ. ಆದರೂ ಬೇಸಿಗೆ ಬಂದರೆ ಅದೇ ಊರಿನಲ್ಲಿ ಟ್ಯಾಂಕರ್ ಬರುವುದಕ್ಕೆ ಕಾಯುತ್ತೇವೆ. ಕಾಮಗಾರಿಗಳೆಲ್ಲ ಮುಗಿದಿವೆ, ನೀರು ಮಾತ್ರ ಬಂದಿಲ್ಲ.

ಹೀಗೇಕೆ ಆಗುತ್ತದೆ ಎಂದು ಕೇಳಿದರೆ ನಮಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಒಂದು, ಮಳೆ ಇಲ್ಲ. ಇನ್ನೊಂದು, ದುಡ್ಡು ತಿಂದರು. ಎರಡರಲ್ಲೂ ಸತ್ಯ ಇದೆ. ಆದರೆ ಒಳ್ಳೆ ಮಳೆಯಾದ ವರ್ಷವೂ, ಪ್ರಾಮಾಣಿಕವಾಗಿ ಕೆಲಸ ಮಾಡಿಸಿದ ಕಡೆಯೂ ಇದೇ ಕತೆ ನಡೆದಿದೆ. ಹಾಗಾದರೆ ಮೂರನೆಯ ಕಾರಣ ಒಂದಿರಬೇಕು. ಇವತ್ತು ಅದರ ಬಗ್ಗೆ ಬರೆಯುತ್ತಿದ್ದೇನೆ.

ಎರಡು ಬೇರೆ ಬೇರೆ ಜವಾಬ್ದಾರಿ

ನಮ್ಮ ಊರುಗಳಿಂದ ಬೆಂಗಳೂರಿನ ಕಂಪನಿಗಳಿಗೆ ಕೆಲಸಕ್ಕೆ ಹೋದ ಹುಡುಗ ಹುಡುಗಿಯರನ್ನು ಕೇಳಿ. ಅಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ, ಪ್ರೋಗ್ರಾಂ ಮ್ಯಾನೇಜರ್ ಬೇರೆ. ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಕೆಲಸ ಒಂದೇ ಅಲ್ಲ.

ಪ್ರಾಜೆಕ್ಟ್ ಎಂದರೆ ಶುರು ಮತ್ತು ಕೊನೆ ಇರುವ ಒಂದು ಕೆಲಸ. ಇಷ್ಟು ದುಡ್ಡು, ಇಷ್ಟು ದಿನ, ಇಂಥ ವಸ್ತು ತಯಾರಾಗಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಮಾತು ಕಾಮಗಾರಿ. ಹೇಳಿದ ದಿನಕ್ಕೆ, ಹೇಳಿದ ದುಡ್ಡಿನಲ್ಲಿ, ಹೇಳಿದ ಅಳತೆಗೆ ಮುಗಿಸಿದರೆ ಅದನ್ನು ನಡೆಸಿದವರು ಗೆದ್ದಂತೆ.

ಪ್ರೋಗ್ರಾಂ ಅಂದ ಕೂಡಲೇ ನಮ್ಮ ಕಡೆ ಶಾಮಿಯಾನ, ಮೈಕ್ ಸೆಟ್, ಆರ್ಕೆಸ್ಟ್ರಾ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಆ ಪ್ರೋಗ್ರಾಂ ಅಲ್ಲ. ಒಂದಕ್ಕೊಂದು ಸಂಬಂಧ ಇರುವ ಹಲವು ಕಾಮಗಾರಿಗಳನ್ನು ಒಟ್ಟಿಗೆ ಹಿಡಿದು, ಅವೆಲ್ಲ ಸೇರಿದಾಗ ಮಾತ್ರ ಸಿಗುವ ಒಂದು ಫಲದ ಕಡೆ ನಡೆಸುವುದು. ಕನ್ನಡದಲ್ಲಿ ಕಾರ್ಯಕ್ರಮ ಎನ್ನುತ್ತೇವಲ್ಲ, ಆ ಮಾತನ್ನೇ ಬಿಡಿಸಿ ನೋಡಿ: ಕಾರ್ಯಗಳ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ. ಕಾರ್ಯಕ್ರಮ ನಡೆಸುವವರನ್ನು ಅಳೆಯುವುದು ಕಟ್ಟಿದ ಟ್ಯಾಂಕಿನಿಂದ ಅಲ್ಲ, ಕೊಡಕ್ಕೆ ಬಿದ್ದ ನೀರಿನಿಂದ.

ಇದು ಓದಿದವರ ಮಾತೇನೂ ಅಲ್ಲ. ದ್ರಾಕ್ಷಿ ಇಟ್ಟ ರೈತನಿಗೆ ಇದು ಚೆನ್ನಾಗಿ ಗೊತ್ತು. ಬೋರ್ ಕೊರೆಸುವುದು ಒಂದು ಕಾಮಗಾರಿ. ಕಲ್ಲುಕಂಬ ನೆಟ್ಟು ಚಪ್ಪರ ಹಾಕಿಸುವುದು ಇನ್ನೊಂದು. ಡ್ರಿಪ್ ಎಳೆಸುವುದು ಮತ್ತೊಂದು. ಸಸಿ ತರುವುದು, ಸಾಲ ಮಾಡುವುದು ಬೇರೆ. ಪ್ರತಿಯೊಂದನ್ನೂ ಮಾಡುವವರು ಬೇರೆ ಬೇರೆ ಜನ. ಬೋರ್ ಲಾರಿಯವನಿಗೆ ಚಪ್ಪರದ ಚಿಂತೆ ಇಲ್ಲ, ಅಡಿಗೆ ಇಷ್ಟು ಎಂದು ಲೆಕ್ಕ ಹಾಕಿ ಹೊರಡುತ್ತಾನೆ. ಚಪ್ಪರದವನಿಗೆ ನೀರಿನ ಚಿಂತೆ ಇಲ್ಲ.

ಇವೆಲ್ಲದರ ಚಿಂತೆ ಇರುವುದು ಒಬ್ಬರಿಗೇ, ಆ ಹೊಲದ ಯಜಮಾನನಿಗೆ ಅಥವಾ ಯಜಮಾನಿಗೆ. ನೀರು ಬೀಳುವ ಮೊದಲೇ ಕಂಬ ನೆಡಿಸಿದರೆ ಮುಳುಗಿದೆವು ಎಂಬುದು ಅವರಿಗೆ ಗೊತ್ತು. ಸಾವಿರ ಅಡಿ ದಾಟಿದರೂ ನೀರು ಕಡಿಮೆ ಬಿದ್ದರೆ ದ್ರಾಕ್ಷಿ ಬಿಟ್ಟು ಬೇರೆ ಬೆಳೆಗೆ ಹೋಗುವ ತೀರ್ಮಾನವೂ ಅವರದೇ. ಹತ್ತು ವರ್ಷ ಆ ಜಮೀನಿನಿಂದ ಮನೆ ನಡೆಯಬೇಕು, ಅದು ಅವರ ಲೆಕ್ಕ. ಬೋರ್ ಕೊರೆದವನು ಪ್ರಾಜೆಕ್ಟ್ ಮ್ಯಾನೇಜರ್. ಈ ರೈತ ಪ್ರೋಗ್ರಾಂ ಮ್ಯಾನೇಜರ್.

ನನ್ನ ಮಾತು ಇಷ್ಟೇ. ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಬೋರ್ ಲಾರಿಯವರು, ಚಪ್ಪರದವರು, ಡ್ರಿಪ್ಪಿನವರು ಎಲ್ಲ ಇದ್ದಾರೆ. ಹೊಲದ ಯಜಮಾನ ಮಾತ್ರ ಇಲ್ಲ.

ಡೇರಿ ಹೇಗೆ ನಿಂತಿತು

ಯಜಮಾನ ಇದ್ದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಬೆಳಗ್ಗೆ ಡೇರಿ ಮುಂದೆ ನಿಂತರೆ ಸಾಕು.

ದೇಶದಲ್ಲಿ 1970ರಿಂದ 1996ರವರೆಗೆ ಮೂರು ಹಂತಗಳಲ್ಲಿ ಆಪರೇಷನ್ ಫ್ಲಡ್ ನಡೆಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಡೇರಿ ಅಭಿವೃದ್ಧಿ ಶುರುವಾಗಿ, ಆ ಸಂಸ್ಥೆಯೇ 1984ರಲ್ಲಿ ಕೆಎಂಎಫ್ ಆಯಿತು. ಅದರೊಳಗೆ ಎಷ್ಟೋ ಕಾಮಗಾರಿಗಳಿದ್ದವು: ಶೀತಲ ಕೇಂದ್ರ ಕಟ್ಟುವುದು, ಪಶು ಆಹಾರದ ಕಾರ್ಖಾನೆ, ಹಾಲಿನ ಪುಡಿ ಘಟಕ, ಲಾರಿಗಳು, ಹಳ್ಳಿಗೊಂದು ಸಂಘ. ಆದರೆ ಅಳತೆ ಒಂದೇ ಇತ್ತು. ಹಳ್ಳಿಯ ಹಸುವಿನ ಹಾಲು ಕೆಡದೆ ಪಟ್ಟಣ ಸೇರಬೇಕು, ಅದರ ದುಡ್ಡು ಹಸು ಸಾಕಿದವರ ಕೈ ಸೇರಬೇಕು.

ಆ ಒಂದು ಅಳತೆಯಿಂದಾಗಿ ಉಳಿದದ್ದೆಲ್ಲ ಜೋಡಿಕೊಂಡಿತು. ಹಾಲು ಹೆಚ್ಚಾಗಬೇಕಾದರೆ ತಳಿ ಸುಧಾರಿಸಬೇಕು, ಅದಕ್ಕೆ ಕೃತಕ ಗರ್ಭಧಾರಣೆ ಬಂತು. ತಳಿ ಸುಧಾರಿಸಿದರೆ ಮೇವು ಬೇಕು, ಫೀಡ್ ಬಂತು. ಹಾಲಿನ ಬೆಲೆಯಲ್ಲಿ ಮೋಸ ಆಗಬಾರದು, ಫ್ಯಾಟ್ ನೋಡುವ ಯಂತ್ರ ಬಂತು. ಹಾಲು ಹಾಕಿದ ಲೆಕ್ಕ ಪುಸ್ತಕದಲ್ಲಿ ಬಂತು. ಶೀತಲ ಕೇಂದ್ರ ಒಂದನ್ನೇ ಕಟ್ಟಿ ರಿಬ್ಬನ್ ಕತ್ತರಿಸಿ ಬಿಟ್ಟಿದ್ದರೆ ಆ ಕಟ್ಟಡ ಇವತ್ತು ಪಾಳು ಬಿದ್ದಿರುತ್ತಿತ್ತು.

ಡೇರಿಯಲ್ಲಿ ರಾಜಕೀಯ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಲೆ ಸಾಲದು ಎಂಬ ಜಗಳ ಇವತ್ತಿಗೂ ಇದೆ. ಆದರೆ ಹಾಲು ಒಂದು ದಿನ ನಿಂತರೆ ಯಾರನ್ನು ಕೇಳಬೇಕು ಎಂಬುದು ಊರಿಗೆಲ್ಲ ಗೊತ್ತು. ನಲ್ಲಿಯಲ್ಲಿ ಒಂದು ವಾರ ನೀರು ಬರದಿದ್ದರೆ? ನೀರುಗಂಟಿಯನ್ನು ಕೇಳಿದರೆ ಮೋಟಾರ್ ಸುಟ್ಟಿದೆ ಎನ್ನುತ್ತಾರೆ. ಪಂಚಾಯಿತಿಯಲ್ಲಿ ಬೋರ್ ಬತ್ತಿದೆ ಎನ್ನುತ್ತಾರೆ. ಇಂಜಿನಿಯರ್ ಆಫೀಸಿನಲ್ಲಿ ಕಾಮಗಾರಿ ಪಂಚಾಯಿತಿಗೆ ಹಸ್ತಾಂತರ ಆಗಿದೆ ಎನ್ನುತ್ತಾರೆ. ಮೂವರ ಮಾತೂ ನಿಜವೇ.

ಒಂದು ಕೆರೆ, ಎಷ್ಟು ಇಲಾಖೆ?

ಈಗ ಒಂದು ಕೆರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಅದು ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯಿತಿ ವ್ಯವಸ್ಥೆಗೆ. ಕೆರೆಯ ಗಡಿ, ಒತ್ತುವರಿ ಕಂದಾಯ ಮತ್ತು ಸರ್ವೆ ಇಲಾಖೆಗೆ. ನೀರು ಇಳಿದು ಬರುವ ಗುಡ್ಡ ಅರಣ್ಯ ಇಲಾಖೆಗೆ. ಹೊಲಗಳ ಬದು, ಕೃಷಿ ಹೊಂಡ ಕೃಷಿ ಇಲಾಖೆಗೆ. ಡ್ರಿಪ್ ಸಬ್ಸಿಡಿ ತೋಟಗಾರಿಕೆ ಅಥವಾ ರೇಷ್ಮೆ ಇಲಾಖೆಗೆ. ಕೆರೆ ಪಕ್ಕದ ಕುಡಿಯುವ ನೀರಿನ ಬೋರ್ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ. ಬೋರಿನ ಕರೆಂಟ್ ಬೆಸ್ಕಾಂಗೆ. ಅಂತರ್ಜಲ ಎಷ್ಟು ಆಳಕ್ಕೆ ಹೋಗಿದೆ ಎಂದು ಅಳೆಯುವುದು ಅಂತರ್ಜಲ ನಿರ್ದೇಶನಾಲಯಕ್ಕೆ.

ಮಳೆ ನೀರಿಗೆ ಈ ವಿಂಗಡಣೆ ಗೊತ್ತಿಲ್ಲ. ಗುಡ್ಡದ ಮೇಲೆ ಬಿದ್ದ ಹನಿ ಹೊಲ ದಾಟಿ, ಹಳ್ಳ ಸೇರಿ, ಕೆರೆಗೆ ಬಂದು, ಭೂಮಿಗೆ ಇಳಿದು, ಬೋರಿನಿಂದ ಮೇಲೆದ್ದು ನಲ್ಲಿಗೆ ಬರುತ್ತದೆ. ಆ ಒಂದು ಹನಿಯ ದಾರಿಯಲ್ಲಿ ಎಂಟು ಹತ್ತು ಕಚೇರಿಗಳಿವೆ. ಪ್ರತಿ ಕಚೇರಿಗೂ ತನ್ನದೇ ಗುರಿ, ತನ್ನದೇ ಮಾರ್ಚ್ ತಿಂಗಳು.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ಒಂದೊಂದೇ ನೋಡಿದರೆ ಎಲ್ಲವೂ ಗೆಲುವು, ಕೂಡಿಸಿ ನೋಡಿದರೆ ಸೋಲು. ನಮ್ಮ ಕಡೆಯ ಕೆರೆಗಳು ಸರಪಳಿ ಇದ್ದ ಹಾಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನ ಹಳ್ಳದಲ್ಲಿ ಒಂದು ಇಲಾಖೆ ಚೆಕ್‌ಡ್ಯಾಂ ಕಟ್ಟುತ್ತದೆ, ಒಳ್ಳೆಯದು. ಇನ್ನೊಂದು ಇಲಾಖೆ ಕೃಷಿ ಹೊಂಡ ತೋಡಿಸುತ್ತದೆ, ಅದೂ ಒಳ್ಳೆಯದು. ಮತ್ತೊಂದು ರಸ್ತೆ ಎತ್ತರಿಸಿ ರಾಜಕಾಲುವೆಗೆ ಸಣ್ಣ ಮೋರಿ ಇಡುತ್ತದೆ. ಆಮೇಲೆ ಸಣ್ಣ ನೀರಾವರಿಯವರು ಕೆಳಗಿನ ಕೆರೆಯ ಹೂಳು ತೆಗೆದು, ಏರಿ ಭದ್ರ ಮಾಡಿ, ತೂಬು ರಿಪೇರಿ ಮಾಡುತ್ತಾರೆ. ಮಳೆ ಬರುತ್ತದೆ. ಹೂಳು ತೆಗೆದ ಕೆರೆಗೆ ನೀರು ಬರುವುದಿಲ್ಲ. ನಾಲ್ಕು ಕಾಮಗಾರಿಗೂ ನೂರಕ್ಕೆ ನೂರು ಪ್ರಗತಿ ಬರೆದಾಗಿದೆ. ಇದರಲ್ಲಿ ತಪ್ಪು ಯಾರದು? ಕಾಮಗಾರಿ ಲೆಕ್ಕದಲ್ಲಿ ಯಾರದೂ ಅಲ್ಲ. ಅದೇ ತಪ್ಪು.

ನೀಲಗಿರಿಯ ಕತೆಯೂ ಇದೇ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಆಗಿನ ಕೋಲಾರ ಜಿಲ್ಲೆಯಲ್ಲಿ ನೀಲಗಿರಿ ಹಬ್ಬಿತು. ಎಷ್ಟು ಸಸಿ ಹಂಚಿದೆವು ಎಂಬುದೇ ಆಗ ಅಳತೆ, ಆ ಅಳತೆಯಲ್ಲಿ ಅದು ಗೆದ್ದಿತು. ಅಂತರ್ಜಲದ ಲೆಕ್ಕ ಬೇರೆ ಫೈಲಿನಲ್ಲಿತ್ತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಒಂದು ಕೈ ನೆಟ್ಟದ್ದನ್ನು ಮೂವತ್ತು ವರ್ಷದ ನಂತರ ಇನ್ನೊಂದು ಕೈ ತಡೆಯಿತು.

ಹಿಂದೆ ನೀರುಗಂಟಿ ಇದ್ದ

ಹಳೆಯ ಕಾಲದಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂದು ನೋಡುವುದು, ಮಳೆಗಾಲಕ್ಕೆ ಮೊದಲು ಕಾಲುವೆ ಸರಿ ಇದೆಯೇ, ಏರಿಯಲ್ಲಿ ಬಿಲ ಬಿದ್ದಿದೆಯೇ ಎಂದು ತಿರುಗಿ ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಅವನಿಗೆ ಕಾಳು ಅಳೆಯುತ್ತಿದ್ದರು. ಬೆಳೆ ಬಂದರೆ ಅವನಿಗೂ ಪಾಲು. ಅಂದರೆ ಅವನ ಕೂಲಿ ಕಾಮಗಾರಿಗೆ ಅಲ್ಲ, ಫಲಕ್ಕೆ ಕಟ್ಟಿತ್ತು.

ಆ ವ್ಯವಸ್ಥೆಯನ್ನು ಹೊಗಳಿ ಕೂರುವ ಆಸೆ ನನಗಿಲ್ಲ. ಅದರಲ್ಲಿ ಜಾತಿಯ ಹೊರೆ ಇತ್ತು, ಅಚ್ಚುಕಟ್ಟಿನಲ್ಲಿ ಜಮೀನಿಲ್ಲದವರ ಮಾತಿಗೆ ಬೆಲೆ ಇರಲಿಲ್ಲ. ಆದರೆ ಇಡೀ ಕೆರೆಯನ್ನು ಒಂದೇ ವಸ್ತು ಎಂದು ನೋಡುವ ಒಂದು ಕಣ್ಣು ಇತ್ತು. ಬೋರ್‌ವೆಲ್ ಬಂದ ಮೇಲೆ ಜಮೀನುಳ್ಳವರು ತಂತಮ್ಮ ನೀರು ನೋಡಿಕೊಂಡರು, ಕೆರೆ ಅನಾಥವಾಯಿತು. ಇವತ್ತು ಪಂಚಾಯಿತಿಯ ವಾಟರ್‌ಮ್ಯಾನ್‌ನನ್ನು ನೀರುಗಂಟಿ ಎಂದೇ ಕರೆಯುತ್ತೇವೆ. ಹೆಸರು ಉಳಿದಿದೆ, ಅಧಿಕಾರ ಉಳಿದಿಲ್ಲ. ವಾಲ್ವ್ ತಿರುಗಿಸುವುದು ಮತ್ತು ಬೈಸಿಕೊಳ್ಳುವುದು ಅವರ ಪಾಲಿಗೆ ಬಂದಿದೆ.

ಸರ್ಕಾರಕ್ಕೆ ಇದು ತಿಳಿಯದೇ ಇರಲಿಲ್ಲ. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ವಿಶ್ವಬ್ಯಾಂಕ್ ನೆರವಿನ ಕೆರೆ ಅಭಿವೃದ್ಧಿ ಯೋಜನೆ 2002ರಲ್ಲಿ ಶುರುವಾಯಿತು. ಆಗಿನ ಕೋಲಾರ ಜಿಲ್ಲೆಯೂ ಅದರಲ್ಲಿತ್ತು. ಕೆರೆ ಬಳಕೆದಾರರ ಸಂಘ ಕಟ್ಟಿ, ಅವರ ಕೈಗೇ ಕೆರೆ ಕೊಡುವ ಆಲೋಚನೆ ಒಳ್ಳೆಯದೇ ಆಗಿತ್ತು. ಆದರೆ ಅದಕ್ಕೂ ಒಂದು ಮುಕ್ತಾಯದ ದಿನಾಂಕ ಇತ್ತು. 2012ರಲ್ಲಿ ಯೋಜನೆ ಮುಗಿಯಿತು, ಎಷ್ಟೋ ಕಡೆ ಸಂಘಗಳ ಸಭೆಯೂ ಅಲ್ಲಿಗೇ ಮುಗಿಯಿತು. ಸಂಘ ಎಂಬುದು ಹತ್ತಾರು ವರ್ಷ ನಡೆಯಬೇಕಾದ ಕೆಲಸ. ಅದನ್ನು ಕಾಮಗಾರಿಯ ಪಟ್ಟಿಯಲ್ಲಿ ಸೇರಿಸಿ, ರಚನೆ ಆಗಿದೆ ಎಂದು ಗುರುತು ಹಾಕಿದರೆ ಹೀಗೇ ಆಗುವುದು.

ಆಮೇಲೆ ಬಂದ ಅಟಲ್ ಭೂಜಲ ಯೋಜನೆ ಈ ಪಾಠವನ್ನು ಸ್ವಲ್ಪ ಕಲಿತಂತಿತ್ತು. 2019ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಇದು ಏಳು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ನಮ್ಮ ಜಿಲ್ಲೆಯೂ ಸೇರಿ 14 ಜಿಲ್ಲೆಗಳ 41 ತಾಲ್ಲೂಕುಗಳಿದ್ದವು. ಒಟ್ಟು 6,000 ಕೋಟಿ ರೂಪಾಯಿ, ಅರ್ಧ ವಿಶ್ವಬ್ಯಾಂಕಿನ ಸಾಲ. ಇದರ ವಿಶೇಷ ದುಡ್ಡು ಕೊಡುವ ರೀತಿಯಲ್ಲಿತ್ತು. ಕಾಮಗಾರಿಯ ಖರ್ಚಿಗೆ ಬಿಲ್ ಕೊಟ್ಟರೆ ಹಣ ಎಂಬ ಹಳೆಯ ಕ್ರಮ ಬಿಟ್ಟು, ಫಲ ತೋರಿಸಿದರೆ ಹಣ ಎಂದು ಇಟ್ಟರು. ಅಂತರ್ಜಲದ ಮಾಹಿತಿ ಜನರ ಮುಂದೆ ಇಟ್ಟಿರಾ, ಪಂಚಾಯಿತಿಯ ನೀರಿನ ಭದ್ರತಾ ಯೋಜನೆ ತಯಾರಾಯಿತೇ, ಬೇರೆ ಬೇರೆ ಇಲಾಖೆಯ ಹಣ ಅದರ ಪ್ರಕಾರ ಖರ್ಚಾಯಿತೇ, ನೀರು ಉಳಿಸುವ ಪದ್ಧತಿ ಬಂತೇ, ಅಂತರ್ಜಲ ಕುಸಿಯುವ ವೇಗ ತಗ್ಗಿತೇ ಎಂಬ ಐದು ಅಳತೆಗಳಿದ್ದವು. ಪ್ರಾಜೆಕ್ಟ್ ಸಾಲಕ್ಕೂ ಪ್ರೋಗ್ರಾಂ ಸಾಲಕ್ಕೂ ಬ್ಯಾಂಕಿನವರೇ ಮಾಡುವ ವ್ಯತ್ಯಾಸ ಇದು.

ನಿಮ್ಮ ಪಂಚಾಯಿತಿಗೂ ಆಗ ಇಂಥ ನೀರಿನ ಭದ್ರತಾ ಯೋಜನೆ ತಯಾರಾಗಿರಬಹುದು. ಅದು ಎಲ್ಲಿದೆ ಎಂದು ಕೇಳಿ ನೋಡಿ. ಹುಡುಕಿಸಿ ಓದಿ. ದುಡ್ಡು ಖರ್ಚು ಮಾಡಿ ಮಾಡಿಸಿದ ಕಾಗದ ಅದು, ಬೀರುವಿನಲ್ಲಿ ಇರಬಾರದು.

ನಲ್ಲಿ ಎಣಿಸುವುದೋ, ನೀರು ಅಳೆಯುವುದೋ

ಈಗ ನಡೆಯುತ್ತಿರುವ ಮೂರು ದೊಡ್ಡ ಯೋಜನೆಗಳನ್ನು ಇದೇ ಕಣ್ಣಿನಿಂದ ನೋಡೋಣ.

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ನಮ್ಮಲ್ಲಿ ಇದಕ್ಕೆ ಮನೆ ಮನೆಗೆ ಗಂಗೆ ಎಂಬ ಹೆಸರು. 2024ಕ್ಕೆ ಮುಗಿಯಬೇಕಿತ್ತು, ಗಡುವು 2028ಕ್ಕೆ ಹೋಗಿದೆ. ಇದರ ನಿಯಮದ ಪುಸ್ತಕ ಚೆನ್ನಾಗಿದೆ. ತಲೆಗೆ ದಿನಕ್ಕೆ 55 ಲೀಟರ್, ಶುದ್ಧ ನೀರು, ಕಾಲಕಾಲಕ್ಕೆ ತಪ್ಪದೆ ಬಂದರೆ ಮಾತ್ರ ಅದು ಕೆಲಸ ಮಾಡುವ ನಲ್ಲಿ ಎಂದು ಬರೆದಿದ್ದಾರೆ. ಆದರೆ ನಮ್ಮ ಕಿವಿಗೆ ಬೀಳುವ ಅಂಕಿ ಯಾವುದು? ಇಷ್ಟು ಮನೆಗೆ ಸಂಪರ್ಕ ಕೊಟ್ಟಿದ್ದೇವೆ ಎಂಬುದು. ನಲ್ಲಿ ಎಣಿಸುವುದು ಸುಲಭ, ಲೀಟರ್ ಅಳೆಯುವುದು ಕಷ್ಟ. ನಿರಂತರ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಆ ನಲ್ಲಿಯ ಇನ್ನೊಂದು ತುದಿ ಬಹುಪಾಲು ಬೋರ್‌ವೆಲ್‌ನಲ್ಲೇ ಇದೆ. ಬೋರ್ ಬತ್ತಿದರೆ ನಲ್ಲಿ ಗೂಟವಾಗುತ್ತದೆ. ಫ್ಲೋರೈಡ್ ಇದ್ದರೆ ನಲ್ಲಿಯಲ್ಲಿ ಬರುವುದೂ ಅದೇ.

ಶುದ್ಧ ನೀರಿನ ಘಟಕಗಳದೂ ಇದೇ ಪಾಡು. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಆದರೆ ಫಿಲ್ಟರ್ ಬದಲಿಸುವವರು ಯಾರು, ಮೆಂಬ್ರೇನ್ ಹೋದರೆ ದುಡ್ಡು ಎಲ್ಲಿಂದ, ಹೊರಗೆ ಬಿಡುವ ಉಪ್ಪು ನೀರು ಎಲ್ಲಿಗೆ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲದ ಊರಿನಲ್ಲಿ ಘಟಕಕ್ಕೆ ಬೀಗ ಬಿದ್ದಿದೆ. ಘಟಕ ಕೂರಿಸಿದ್ದು ಕಾಮಗಾರಿ. ಶುದ್ಧ ನೀರು ಕುಡಿಸುವುದು ಕಾರ್ಯಕ್ರಮ.

ಎರಡನೆಯದು ಎಚ್.ಎನ್. ವ್ಯಾಲಿ. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ 65 ಕೆರೆಗಳಿಗೆ ಹರಿಸುವ ಯೋಜನೆ. ಹೆಚ್ಚಿನ ಕೆರೆಗಳು ನಮ್ಮ ಜಿಲ್ಲೆಯವೇ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದನ್ನು ನಾವೆಲ್ಲ ನೋಡಿದ್ದೇವೆ. ಬತ್ತಿದ ಕೆರೆಯಲ್ಲಿ ನೀರು ಕಂಡ ಸಂತೋಷ ಸಣ್ಣದಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ನೀರು ಕೊಟ್ಟಿರುವುದು ಅಂತರ್ಜಲ ಮರುಪೂರಣಕ್ಕೆ, ನೇರವಾಗಿ ಬೆಳೆಗೆ ಹಾಯಿಸಲು ಅಲ್ಲ, ಕುಡಿಯಲೂ ಅಲ್ಲ. ಹಾಗಾದರೆ ಶುದ್ಧೀಕರಣ ಒಂದು ಸಂಸ್ಥೆ, ಪಂಪು ಪೈಪು ಇನ್ನೊಂದು ಇಲಾಖೆ, ನೀರಿನ ಪರೀಕ್ಷೆ ಮತ್ತೊಬ್ಬರು ಎಂದಿದ್ದರೆ ಸಾಲದು. ಕೆರೆ ಪಕ್ಕದ ಕುಡಿಯುವ ನೀರಿನ ಬೋರಿನಲ್ಲಿ ಏನಾಗುತ್ತಿದೆ ಎಂದು ತಿಂಗಳು ತಿಂಗಳು ನೋಡಿ ಊರಿಗೆ ಹೇಳುವವರು ಬೇಕು. ಇದೇ ಬಗೆಯ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ನೊರೆ ಎದ್ದು, ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟಗಾರರ ಕೂಗು ಇನ್ನೂ ನಿಂತಿಲ್ಲ. ಆ ಕೂಗನ್ನು ಯೋಜನೆ ವಿರೋಧ ಎಂದು ತಳ್ಳಿಹಾಕುವುದು ಕಾಮಗಾರಿಯ ಬುದ್ಧಿ. ಕಾರ್ಯಕ್ರಮದ ಬುದ್ಧಿ ಇದ್ದವರಿಗೆ ಅದು ಮುಂದಿನ ಹಂತದ ಸೂಚನೆ.

ಮೂರನೆಯದು ಎತ್ತಿನಹೊಳೆ. 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆದದ್ದು ನಮ್ಮ ಚಿಕ್ಕಬಳ್ಳಾಪುರದಲ್ಲೇ. ಆಗ ಅಂದಾಜು 12,912 ಕೋಟಿ ರೂಪಾಯಿ, 2023ರ ಪರಿಷ್ಕರಣೆಯಲ್ಲಿ 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ ಆಯಿತು. ಯೋಜನೆಯ ಕಾಗದದಲ್ಲಿ 24.01 ಟಿಎಂಸಿ ನೀರಿದೆ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆಗಳನ್ನು ತುಂಬಿಸಲು.

ಅಷ್ಟು ನೀರು ಹಳ್ಳದಲ್ಲಿ ಇದೆಯೇ ಇಲ್ಲವೇ ಎಂಬ ವಾದ ಹಳೆಯದು, ಅದಕ್ಕೆ ನಾನು ಹೋಗುವುದಿಲ್ಲ. ನನ್ನ ಪ್ರಶ್ನೆ ಈ ತುದಿಯದು. ನಾಳೆ ನೀರು ಬಂದೇ ಬಂತು ಎಂದುಕೊಳ್ಳಿ. ಪಟ್ಟಿಯಲ್ಲಿರುವ ನಮ್ಮ ಕೆರೆಗಳು ತಯಾರಿವೆಯೇ? ಗಡಿ ಗುರುತಾಗಿದೆಯೇ? ಏರಿ ತಡೆಯುತ್ತದೆಯೇ? ಮೊದಲ ಕೆರೆ ಕೋಡಿ ಬಿದ್ದರೆ ಎರಡನೆಯದಕ್ಕೆ ಹೋಗುವ ಕಾಲುವೆ ಇದೆಯೇ, ಅಥವಾ ಅದರ ಮೇಲೆ ಸೈಟು ಆಗಿದೆಯೇ? ಪೈಪಿನ ಕಾಮಗಾರಿ ನಡೆಸುವವರಿಗೆ ಇದು ತಲೆನೋವಲ್ಲ. ಕಾರ್ಯಕ್ರಮ ನಡೆಸುವವರು ಇದ್ದಿದ್ದರೆ ಹತ್ತು ವರ್ಷದ ಹಿಂದೆಯೇ ಈ ಕೆಲಸ ಶುರುವಾಗಿರುತ್ತಿತ್ತು, ಏಕೆಂದರೆ ಎತ್ತಿನಹೊಳೆ ಬಂದರೂ ಬರದಿದ್ದರೂ ಅದು ಮಳೆನೀರಿಗೇ ಬೇಕಾದ ಕೆಲಸ.

ಇನ್ನೊಂದು ಸಮಿತಿಯೇ?

ಇಷ್ಟು ಓದಿದ ಮೇಲೆ ಒಂದು ಆಕ್ಷೇಪ ಬರುತ್ತದೆ. ಇಲಾಖೆಗಳೇ ಸಾಕಾಗಿವೆ, ಇವುಗಳ ಮೇಲೆ ಇನ್ನೊಂದು ಕಚೇರಿ, ಇನ್ನೊಂದು ಸಮಿತಿ ಬೇಕೇ? ನ್ಯಾಯವಾದ ಮಾತು. ಮಿಷನ್ ಎಂದೋ ಸಮಗ್ರ ಎಂದೋ ಹೆಸರಿಟ್ಟ ಮಾತ್ರಕ್ಕೆ ಕಾಮಗಾರಿ ಕಾರ್ಯಕ್ರಮ ಆಗುವುದಿಲ್ಲ. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಕಾಮಗಾರಿಯ ಶಿಸ್ತು ಇಲ್ಲದೆ ಕಾರ್ಯಕ್ರಮ ಇಲ್ಲ. ಸಿಮೆಂಟ್ ಕಡಿಮೆ ಹಾಕಿದ ಚೆಕ್‌ಡ್ಯಾಂ ಮೇಲೆ ಎಂಥ ದೊಡ್ಡ ಆಲೋಚನೆಯೂ ನಿಲ್ಲುವುದಿಲ್ಲ.

ಹೊಸ ಕಚೇರಿ ಬೇಡ. ಇರುವ ಸಭೆಯನ್ನೇ ಬೇರೆ ರೀತಿ ನಡೆಸಿದರೆ ಸಾಕು. ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ ಕೆಡಿಪಿ ಸಭೆ ನಡೆಯುತ್ತದಲ್ಲ, ಅದರ ಪೂರ್ತಿ ಹೆಸರು ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ. ಹೆಸರಿನಲ್ಲೇ ಕಾರ್ಯಕ್ರಮ ಇದೆ. ಒಳಗೆ ನಡೆಯುವುದು ಮಾತ್ರ ಇಲಾಖೆವಾರು ಕಾಮಗಾರಿ ಪರಿಶೀಲನೆ. ಒಬ್ಬೊಬ್ಬ ಅಧಿಕಾರಿ ಎದ್ದು ಭೌತಿಕ ಪ್ರಗತಿ ಇಷ್ಟು, ಆರ್ಥಿಕ ಪ್ರಗತಿ ಇಷ್ಟು ಎಂದು ಶೇಕಡಾ ಓದಿ ಕೂರುತ್ತಾರೆ.

ಮೂರು ತಿಂಗಳಿಗೆ ಒಮ್ಮೆ ಆ ಸಭೆಯನ್ನು ಇಲಾಖೆವಾರು ಬಿಟ್ಟು ಕೆರೆವಾರು ನಡೆಸಿ. ಒಂದು ಕೆರೆ ಸರಪಳಿಯ ಹೆಸರು ಕರೆಯಲಿ. ಆ ಕೆರೆಗೆ ಸಂಬಂಧಪಟ್ಟ ಎಲ್ಲ ಇಲಾಖೆಯವರೂ ಒಟ್ಟಿಗೆ ಎದ್ದು ನಿಲ್ಲಲಿ. ಕಳೆದ ಮಳೆಗಾಲಕ್ಕೆ ಎಷ್ಟು ನೀರು ಬಂತು, ಸುತ್ತಲಿನ ಬೋರುಗಳು ಎಷ್ಟು ಅಡಿಯಲ್ಲಿವೆ, ನಲ್ಲಿಗೆ ವಾರಕ್ಕೆ ಎಷ್ಟು ಸಲ ನೀರು, ಫ್ಲೋರೈಡ್ ಎಷ್ಟು. ನಾಲ್ಕೇ ಅಂಕಿ. ಅವು ಸುಧಾರಿಸದಿದ್ದರೆ ಯಾರ ಶೇಕಡಾ ನೂರಾದರೂ ಚಪ್ಪಾಳೆ ಬೇಡ. ಆ ನಾಲ್ಕು ಅಂಕಿಗೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯ ಹೆಸರು ಊರಿನ ಬೋರ್ಡಿನಲ್ಲಿ ಇರಲಿ.

ನಾವು ಕೇಳಬೇಕಾದದ್ದು

ಮೇಲಿನವರು ಬದಲಾಗುವ ತನಕ ನಾವು ಕಾಯಬೇಕಿಲ್ಲ. ಪ್ರತಿ ವರ್ಷ ಅಕ್ಟೋಬರ್ 2ರಿಂದ ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ನಡೆಯುತ್ತದೆ. ನಮ್ಮಲ್ಲಿ ಇದಕ್ಕೆ ನಮ್ಮ ಗ್ರಾಮ ನಮ್ಮ ಯೋಜನೆ ಎನ್ನುತ್ತಾರೆ. ಗ್ರಾಮ ಸಭೆಗೆ ಹೋದರೆ ಸಾಮಾನ್ಯವಾಗಿ ನಾವೂ ಕಾಮಗಾರಿಯನ್ನೇ ಕೇಳುತ್ತೇವೆ. ನಮ್ಮ ಬೀದಿಗೆ ಚರಂಡಿ, ನಮ್ಮ ಹೊಲಕ್ಕೆ ಹೊಂಡ, ನಮ್ಮ ಕೇರಿಗೆ ಇನ್ನೊಂದು ಬೋರ್. ಪಟ್ಟಿ ಬೆಳೆಯುತ್ತದೆ, ಅದೃಷ್ಟ ಇದ್ದವರದು ಮಂಜೂರಾಗುತ್ತದೆ. ಕಾಮಗಾರಿಯ ಬುದ್ಧಿ ಅಧಿಕಾರಿಗಳಿಗೆ ಮಾತ್ರ ಅಂಟಿದ ಕಾಯಿಲೆಯಲ್ಲ, ನಮ್ಮಲ್ಲೂ ಇದೆ.

ಈ ಸಲ ನೀರಿಗೆ ಸಂಬಂಧಿಸಿದ ಯಾವುದೇ ಹೊಸ ಕಾಮಗಾರಿ ಪಟ್ಟಿಗೆ ಬಂದರೂ ಐದು ಪ್ರಶ್ನೆ ಕೇಳಿ.

1. ಇದು ಮುಗಿದರೆ ಯಾರಿಗೆ, ಎಷ್ಟು ನೀರು ಹೆಚ್ಚಾಗುತ್ತದೆ?
2. ಇದಕ್ಕಿಂತ ಮೊದಲು ಆಗಬೇಕಾದ ಕೆಲಸ ಯಾವುದಾದರೂ ಬಾಕಿ ಇದೆಯೇ? ಸರ್ವೆ, ಒತ್ತುವರಿ ತೆರವು, ಕಾಲುವೆ?
3. ಇದರಿಂದ ಕೆಳಗಿನ ಕೆರೆಗೆ, ಪಕ್ಕದ ಊರಿಗೆ ತೊಂದರೆ ಇದೆಯೇ?
4. ಮುಗಿದ ಮೇಲೆ ನಡೆಸುವವರು ಯಾರು, ಕರೆಂಟ್ ಬಿಲ್ ಮತ್ತು ರಿಪೇರಿಗೆ ದುಡ್ಡು ಎಲ್ಲಿಂದ?
5. ಒಂದು ವರ್ಷದ ನಂತರ ಫಲ ಬಂತೇ ಇಲ್ಲವೇ ಎಂದು ಇದೇ ಸಭೆಗೆ ಬಂದು ಹೇಳುವವರು ಯಾರು?

ಐದಕ್ಕೂ ಉತ್ತರ ಇದ್ದರೆ ಕೈ ಎತ್ತಿ. ಇಲ್ಲದಿದ್ದರೆ, ದುಡ್ಡು ವಾಪಸ್ ಹೋಗುತ್ತದೆ ಎಂದು ಹೆದರಿಸಿದರೂ, ಇನ್ನೊಂದು ಸಭೆಗೆ ಮುಂದೂಡಿ. ಉತ್ತರವನ್ನು ನಡಾವಳಿಯಲ್ಲಿ ಬರೆಸುವುದನ್ನು ಮರೆಯಬೇಡಿ. ಊರಿನ ನೀರುಗಂಟಿಯನ್ನು ಆ ಸಭೆಗೆ ಕರೆಯಿರಿ, ಕೂರಿಸಿ, ಮಾತಾಡಿಸಿ. ಯಾವ ವಾಲ್ವ್‌ನಿಂದಾಚೆಗೆ ನೀರು ಹೋಗುವುದಿಲ್ಲ ಎಂಬುದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಇದುವರೆಗೆ ಅವರನ್ನು ಬೈಯಲು ಮಾತ್ರ ಕರೆದಿದ್ದೇವೆ.

ನಂದಿ ಬೆಟ್ಟದ ಸಾಲಿನಿಂದ ಪಿನಾಕಿನಿಗಳು, ಚಿತ್ರಾವತಿ, ಅರ್ಕಾವತಿ ಹುಟ್ಟಿ ಬೇರೆ ಕಡೆಗೆ ಹರಿಯುತ್ತವೆ. ನದಿಗಳು ಹುಟ್ಟುವ ಜಾಗದಲ್ಲಿ ಕೂತು ನಾವು ಟ್ಯಾಂಕರ್‌ಗೆ ಕಾಯುತ್ತಿದ್ದೇವೆ. ಇನ್ನೊಂದು ಕಾಮಗಾರಿಯ ಬೋರ್ಡ್ ನೆಟ್ಟರೆ ಈ ಕಾಯುವಿಕೆ ಮುಗಿಯುವುದಿಲ್ಲ. ನೆಟ್ಟಿರುವ ಬೋರ್ಡುಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ, ನೀವೆಲ್ಲ ಸೇರಿ ಎಷ್ಟು ಕೊಡ ನೀರು ಕೊಟ್ಟಿರಿ ಎಂದು ಲೆಕ್ಕ ಕೇಳುವವರು ಬೇಕು. ಮುಂದಿನ ಗ್ರಾಮ ಸಭೆಯಲ್ಲಿ ಅದನ್ನು ನೀವೇ ಶುರು ಮಾಡಬಹುದು.